ಆರ್ಫಕ್ಕ ಕನ್ನಡಕ ಹಾಕಿಕೊಂಡದ್ದು

ಆರ್ಫಕ್ಕನ ಕಣ್ಣಿನ ಬಗ್ಗೆ ನಮ್ಮ ಟೇಬರ್ ಹಳ್ಳದ ಕಡೆ ಈಗಲೂ ಎರಡು ಮಾತಿವೆ. ಎಪ್ಪತ್ತು ದಾಟಿದವರು, ‘ಅಂಥ ಕಣ್ಣು ಈ ಓಝಾರ್ಕ್ ಗುಡ್ಡಗಳಲ್ಲಿ ಇನ್ನೊಂದಿರಲಿಲ್ಲ, ಪಾಪ, ತಂಗಿ ಸಾಯುವ ಹೊತ್ತಿಗೆ ಮಂಜಾಗಿಬಿಟ್ಟಿತ್ತು’ ಎನ್ನುತ್ತಾರೆ. ಅವರಿಗಿಂತ ಚಿಕ್ಕವರು ಕಂಡದ್ದು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ತನ್ನ ಮನೆಯ ಮೆಟ್ಟಿಲನ್ನೇ ಎಡವುತ್ತಿದ್ದ ಮುದುಕಿಯನ್ನು. ಅವರು, ‘ಅವಳಿಗೆ ಯಾವತ್ತೂ ಕಣ್ಣು ಕಾಣುತ್ತಿರಲಿಲ್ಲವಂತೆ, ಅದಕ್ಕೇ ತಂಗಿ ಸತ್ತಳಂತೆ’ ಎನ್ನುತ್ತಾರೆ. ಎರಡೂ ಸುಳ್ಳು. ಸುಳ್ಳು ಎಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ನನಗೂ ವಯಸ್ಸಾಯಿತು, ಇನ್ನು ಬಾಯಿ ಮುಚ್ಚಿಕೊಂಡಿರುವುದರಲ್ಲಿ ಅರ್ಥವಿಲ್ಲ.

ಆರ್ಫಾ ಪ್ರೂಯಿಟ್ ಮದುವೆಯಾದವಳಲ್ಲ. ಹಳ್ಳ ದಾಟುವ ಕಡೆ ಇದ್ದ ಎರಡು ಕೋಣೆಯ ಮನೆಯಲ್ಲಿ ತಂಗಿ ಮೊಝೆಲ್ ಜೊತೆ ಇದ್ದಳು. ಮೊಝೆಲ್ ಹುಟ್ಟಿದ ದಿನವೇ ತಾಯಿ ತೀರಿಕೊಂಡಳು. ಆಗ ಆರ್ಫಕ್ಕನಿಗೆ ಹದಿನಾಲ್ಕು. ಕೂಸಿಗೆ ಮೇಕೆಯ ಹಾಲು ಕುಡಿಸಿ ಬೆಳೆಸಿದವಳು ಅವಳೇ. ಹೆಸರಿಗೆ ತಂಗಿ, ಲೆಕ್ಕಕ್ಕೆ ಮಗಳು.

ಆಮೇಲೆ ಒಂದು ಚಳಿಗಾಲ ಅಪ್ಪ ಮೊಲದ ಜ್ವರದಲ್ಲಿ ಹೋದ. ಮೊಲ ಸುಲಿಯುವಾಗ ಬೆರಳಿಗೆ ಎಲುಬು ಚುಚ್ಚಿತ್ತು. ಅಲ್ಲಿ ಹುಣ್ಣಾಯಿತು, ಕಂಕುಳಲ್ಲಿ ಗಡ್ಡೆ ಎದ್ದಿತು, ಜ್ವರ ಬಿಡಲೇ ಇಲ್ಲ. ತಡವಾಗಿ ಬಂದ ಡಾಕ್ಟರು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ಆರ್ಫಕ್ಕನನ್ನು ಹಿತ್ತಿಲಿಗೆ ಕರೆದು, ಅಲ್ಲಿ ನೇತುಹಾಕಿದ್ದ ಇನ್ನೊಂದು ಮೊಲದ ಹೊಟ್ಟೆ ಸೀಳಿ ಲಿವರ್ ತೋರಿಸಿದ್ದು. ಕಡುಗೆಂಪು ಲಿವರಿನ ಮೇಲೆ ಗಸಗಸೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ‘ಇದು ಕಂಡರೆ ಮುಟ್ಟಬೇಡ, ಸುಟ್ಟುಹಾಕು’ ಎಂದು ಹೇಳಿ ಹೋದರು. ಅಂದಿನಿಂದ ಆ ಹಳ್ಳದಲ್ಲಿ ಮೊಲ ತಿನ್ನುವವರಿಗೆ ಆರ್ಫಕ್ಕನ ಕಣ್ಣೇ ಡಾಕ್ಟರು.

ನಾನು ಆರ್ವಿಲ್‌ನನ್ನು ಮದುವೆಯಾಗಿ ಆ ಹಳ್ಳಕ್ಕೆ ಬರುವ ಹೊತ್ತಿಗೆ ಅವಳು ಹತ್ತು ವರ್ಷ ಈ ಕೆಲಸ ಮಾಡಿದ್ದಳು. ಚಳಿ ಬಲಿಯುವ ಮುಂಚಿನ ಮೊಲದಲ್ಲಿ ರೋಗ ಹೆಚ್ಚು ಎಂದು, ನೆಲ ಹೆಪ್ಪುಗಟ್ಟುವವರೆಗೆ ಯಾರೂ ಮೊಲ ತರಕೂಡದು, ತಂದರೆ ಬಾಗಿಲು ತೆಗೆಯುತ್ತಿರಲಿಲ್ಲ. ತಂದ ಮೊಲಕ್ಕೆ ಚರ್ಮ ಮೈಮೇಲೇ ಇರಬೇಕು. ಹೊಟ್ಟೆ ಸೀಳಿ ಕರುಳು ತೆಗೆದಿದ್ದರೆ ಅಡ್ಡಿಯಿಲ್ಲ, ಲಿವರ್ ಮಾತ್ರ ಒಳಗೇ ಇರಬೇಕು. ಅವಳು ಮೊದಲು ಕೇಳುತ್ತಿದ್ದದ್ದು, ‘ಓಡಿತಾ, ಕೂತಿತ್ತಾ?’ ಎಂದು. ನಾಯಿ ಬಂದರೂ ಓಡದೆ ಕೂತ ಮೊಲದ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಆಮೇಲೆ ಚರ್ಮದ ಕೈಗವಸು ಹಾಕಿಕೊಂಡು, ಲಿವರನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಸಳು ಎಸಳಾಗಿ ಬಿಡಿಸಿ ನೋಡುತ್ತಿದ್ದಳು.

ನಮ್ಮ ಜನ ಹೆದರುತ್ತಿದ್ದದ್ದು ಬೇರೆಯದಕ್ಕೆ. ಮೊಲದ ಕುತ್ತಿಗೆಯ ಚರ್ಮದಡಿ ಒಂದೊಂದು ಸಲ ಹೆಬ್ಬೆರಳು ಗಾತ್ರದ ಹುಳುವಿನ ಗಂಟು ಇರುತ್ತದೆ. ಅದನ್ನು ಕಂಡರೆ ಗಂಡಸರು ಥೂ ಎಂದು ಇಡೀ ಮೊಲ ಎಸೆಯುತ್ತಿದ್ದರು. ಆರ್ಫಕ್ಕ ಬೈಯುತ್ತಿದ್ದಳು: “ಹುಳ ಕಂಡ್ರೆ ಓಡ್ತೀರಿ, ಸಾವು ಕಂಡ್ರೆ ಗ್ರೇವಿ ಮಾಡ್ಕೊಂಡು ತಿಂತೀರಿ. ಆ ಗಂಟು ಕಿತ್ತು ಬಿಸಾಕಿ, ಮಾಂಸಕ್ಕೇನೂ ಆಗಿರಲ್ಲ.”

ಅವಳಿಗೂ ಬೇಟೆಯವರಿಗೂ ಇದ್ದ ದೊಡ್ಡ ಜಗಳ ನಾಯಿಯದು. ನಮ್ಮ ಕಡೆ ಮೊಲದ ಲಿವರ್ ನಾಯಿಯ ಪಾಲು. ಹೊಲದಲ್ಲೇ ಹೊಟ್ಟೆ ಸೀಳಿ ಬಿಸಿಬಿಸಿಯಾಗಿ ನಾಯಿಗೆ ಎಸೆಯಬೇಕು, ಇಲ್ಲದಿದ್ದರೆ ಅದರ ಮೂಗು ಕೆಡುತ್ತದೆ, ಮುಂದಿನ ಸಲ ಬೇಟೆ ಹಿಡಿಯುವುದಿಲ್ಲ ಎಂದು ಗಂಡಸರು ಬೈಬಲಿನ ಮಾತಿನಂತೆ ನಂಬಿದ್ದರು. ನೋಡಬೇಕಾದ ಲಿವರ್ ನಾಯಿಯ ಹೊಟ್ಟೆ ಸೇರಿದರೆ ಆರ್ಫಕ್ಕ ನೋಡುವುದೇನನ್ನು? ಕೊನೆಗೆ ಅವಳೇ ಒಂದು ರಾಜಿ ಮಾಡಿದ್ದಳು. ನಾಯಿಯನ್ನೂ ಕರೆದುಕೊಂಡು ಬನ್ನಿ, ಲಿವರ್ ಚೆನ್ನಾಗಿದ್ದರೆ ನನ್ನ ಬಾಗಿಲಲ್ಲೇ ಅದಕ್ಕೆ ಹಾಕುತ್ತೇನೆ, ಕೆಟ್ಟಿದ್ದರೆ ಒಲೆಗೆ. ಹೀಗಾಗಿ ಚಳಿಗಾಲವಿಡೀ ಅವಳ ಬೇಲಿಯ ಹತ್ತಿರ ನಾಯಿಗಳ ಸಂತೆ. ಅವಳು ಚರ್ಚಿಗೆ ಹೋದರೆ ಹಿಂದೆ ಆರೇಳು ನಾಯಿ. ಪ್ರಾರ್ಥನೆ ಮುಗಿಯುವವರೆಗೆ ಅವು ಹೊರಗೆ ಕಾಯುತ್ತಿದ್ದವು.

ಬಾಗಿಲಲ್ಲಿ ಸಾಲು ನಿಂತವರ ತಮಾಷೆಗೆ ಕೊನೆಯಿರಲಿಲ್ಲ. ಸೇಬಿನ ಸಾರಾಯಿ ಕಾಯಿಸುತ್ತಿದ್ದ ಲಾನ್ಝೊ ಒಮ್ಮೆ ಅಂಗಿ ಎತ್ತಿಕೊಂಡು ನಿಂತುಬಿಟ್ಟ.

“ಆರ್ಫಕ್ಕ, ನನ್ ಲಿವರೂ ಒಂಚೂರು ನೋಡ್ಬಿಡು. ಡಾಕ್ಟ್ರ ಹತ್ರ ಹೋಗೋದು ತಪ್ಪುತ್ತೆ.”

“ನಿಂದೇನು ನೋಡೋದು ಲಾನ್ಝೊ, ಸಾರಾಯಲ್ಲಿ ನೆನೆದು ಉಪ್ಪಿನಕಾಯಿ ಆಗಿರುತ್ತೆ. ಹಾಕಿದ್ರೆ ನಾಯಿನೂ ಮೂಸಲ್ಲ.”

ಮೊಝೆಲ್ ಒಳಗಿನಿಂದ ಬಿದ್ದು ಬಿದ್ದು ನಗುತ್ತಿದ್ದಳು. ಅಕ್ಕ ಆಗಬಹುದು ಎಂದ ಮೊಲವನ್ನು ಸುಲಿದು ಮಾಂಸ ವಾಪಸ್ ಕೊಡುವುದು ಅವಳ ಕೆಲಸ, ಚರ್ಮ ಅವಳಿಗೆ. ಮೊಲದ ಚರ್ಮ ಜೋಡಿಸಿ ಒಂದು ಉದ್ದನೆಯ ಕೋಟು ಹೊಲಿಯುತ್ತಿದ್ದಳು, ತನಗಲ್ಲ, ಅಕ್ಕನಿಗೆ. ಕೈಗವಸು ಹಾಕಿಕೊಂಡರೆ ಚರ್ಮ ಹರಿಯುತ್ತದೆ ಎಂದು ಬರಿಗೈಯಲ್ಲೇ ಸುಲಿಯುತ್ತಿದ್ದಳು. ಅಕ್ಕ ನೋಡಿಯಾದ ಮೇಲೆ ಹೆದರುವುದೇನು ಎಂಬುದು ಅವಳ ಧೈರ್ಯ. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಹೊಸದಾಗಿ ಬಂದ ನನ್ನನ್ನು ಆ ಹಳ್ಳದಲ್ಲಿ ಮೊದಲು ಮಾತಾಡಿಸಿದವಳು ಅವಳೇ.

ಇನ್ನು ನನ್ನ ಕಥೆ. ಆ ವರ್ಷ ಸೆಪ್ಟೆಂಬರಿನಲ್ಲಿ ಚರ್ಚಿನ ಭಾನುವಾರದ ಊಟಕ್ಕೆ ನಾನು ಕೋಳಿ ಬೇಯಿಸಿ ಒಯ್ದಿದ್ದೆ. ಒಳಗೆ ಹಸಿಯಾಗಿಯೇ ಉಳಿದಿತ್ತು. ಅತ್ತೆ ಎಲ್ಲರೆದುರಿಗೆ, “ಆರ್ವಿಲ್ ತಂದಿರೋ ಹೆಂಡ್ತಿ ನೋಡೋಕೆ ಚೆನ್ನಾಗಿದಾಳೆ, ಕೋಳಿ ಮಾತ್ರ ಇನ್ನೂ ಕೂಗ್ತಿದೆ” ಎಂದರು. ಇಡೀ ಮೇಜು ನಕ್ಕಿತು. ಹತ್ತೊಂಬತ್ತು ವರ್ಷದವಳಿಗೆ ಅದಕ್ಕಿಂತ ದೊಡ್ಡ ಅವಮಾನ ಲೋಕದಲ್ಲಿ ಇರಲಿಲ್ಲ. ನವೆಂಬರಿನ ಊಟಕ್ಕೆ ದೊಡ್ಡ ಮಡಕೆ ತುಂಬ ಮೊಲದ ಸಾರು ಮಾಡಿ ತರುತ್ತೇನೆ ಎಂದು ಅಲ್ಲಿಯೇ ಜಂಬ ಕೊಚ್ಚಿದೆ.

ಊಟದ ಹಿಂದಿನ ದಿನ ಬೆಳಿಗ್ಗೆ ಆರ್ವಿಲ್ ಎರಡು ಮೊಲ ತಂದ. ಒಂದರಲ್ಲಿ ಲಿವರ್ ಇತ್ತು. ಇನ್ನೊಂದರಲ್ಲಿ ಇರಲಿಲ್ಲ.

“ಇದರದ್ದೆಲ್ಲಿ?”

“ನಾಯಿಗೆ ಹಾಕ್ದೆ ಕಣೇ. ಟಿಪ್ ತಾನಾಗೇ ಹಿಡೀತು, ಗುಂಡೂ ಹಾರಿಸ್ಲಿಲ್ಲ ನಾನು. ಅದರ ಪಾಲು ಅದಕ್ಕೆ ಕೊಡ್ದೆ ಇದ್ರೆ ಹೆಂಗೆ?”

“ನೋಡಿದ್ಯಾ, ಚುಕ್ಕೆ ಗಿಕ್ಕೆ ಇತ್ತಾ?”

“ಯಾರಿಗ್ಗೊತ್ತು. ಕೈ ಹೆಪ್ಪುಗಟ್ಟಿತ್ತು. ಮೊಲ ದುಂಡಗಿದೆಯಲ್ಲ, ಇನ್ನೇನು?”

ನಾಯಿಯೇ ಹಿಡಿದದ್ದು ಎಂದರೆ ಓಡದೆ ಕೂತಿದ್ದ ಮೊಲ. ಅಷ್ಟು ತಿಳಿಯದ ದಡ್ಡಿಯಲ್ಲ ನಾನು. ಆದರೆ ಒಂದು ಮೊಲದಲ್ಲಿ ದೊಡ್ಡ ಮಡಕೆ ತುಂಬುವುದಿಲ್ಲ, ಅತ್ತೆಯ ಬಾಯಿ ಮುಚ್ಚುವುದಿಲ್ಲ.

ಲಿವರ್ ಇದ್ದ ಮೊಲವನ್ನು ಮೊದಲು ಒಯ್ದೆ. ಆರ್ಫಕ್ಕ ಕಿಟಕಿಯ ಹತ್ತಿರ ಹಿಡಿದು ನೋಡಿದಳು.

“ಚೊಕ್ಕವಾಗಿದೆ. ಇಲ್ಲೊಂದು ಸೀಳಿದೆ ನೋಡು, ಕೆಳಗಿನ ಎಸಳಲ್ಲಿ. ಹುಟ್ಟಿದಾಗಿಂದ ಇರೋದು, ಅದೇನೂ ಮಾಡಲ್ಲ. ನಾಯಿ ಎಲ್ಲೇ?”

“ಕರ್ಕೊಂಡ್ ಬರ್ಲಿಲ್ಲ ಆರ್ಫಕ್ಕ, ಮನೇಲಿ ಮಲಗಿದೆ.”

“ಸರಿ, ತಗೊಂಡ್ ಹೋಗು. ಅದರ ಪಾಲು ತಪ್ಪಿಸ್ಬೇಡ.” ಹಳೆಯ ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟಳು.

ದಾರಿಯಲ್ಲಿ ಬರುವಾಗ ಆ ಪೊಟ್ಟಣ ಕೈಯಲ್ಲಿ ಭಾರವಾಗುತ್ತ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಆಗ ಖುಷಿಯಲ್ಲಿದ್ದೆ. ಎಂಥ ಉಪಾಯ ಹೊಳೆಯಿತು ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಮನೆಗೆ ಬಂದು ಆ ಲಿವರನ್ನು ಎರಡನೆಯ ಮೊಲದ ಹೊಟ್ಟೆಯೊಳಗೆ ಇಟ್ಟು, ಮೇಲೆ ಒಂದಿಷ್ಟು ರಕ್ತ ಸವರಿ, ಒಂದು ಗಂಟೆ ಕಳೆದು ಮತ್ತೆ ಹೋದೆ.

“ಇದು ಈಗ ತಂದ” ಎಂದೆ.

“ಓಡಿತಾ, ಕೂತಿತ್ತಾ?”

“ಓಡಿತಂತೆ.”

ಲಿವರ್ ತೆಗೆದಳು. ಬೆಳಕಿಗೆ ಹಿಡಿದಳು. ಎಸಳು ಬಿಡಿಸಿದಳು. ಆಮೇಲೆ ಜೋರಾಗಿ ನಕ್ಕಳು.

“ಮೊಝೆಲ್, ಬಾ ಇಲ್ಲಿ! ಇದರಲ್ಲೂ ಅದೇ ಸೀಳು, ಅದೇ ಜಾಗದಲ್ಲಿ. ಮೊಲದಲ್ಲೂ ಅವಳಿ ಜವಳಿ ಇರುತ್ತೇನೇ?”

“ಒಂದು ಸಲಕ್ಕೆ ಆರು ಹಾಕುತ್ತೆ ಅಕ್ಕ, ಅವಳಿ ಎಲ್ಲಿಂದ ಲೆಕ್ಕ ಹಾಕ್ತೀಯ” ಎಂದು ಮೊಝೆಲ್ ಬಂದು ಮೊಲ ಎತ್ತಿಕೊಂಡಳು. ಅವಳ ಎಡಗೈ ತೋರುಬೆರಳಿನ ಮೇಲೆ ಮುಳ್ಳು ಗೀರಿದ ಗಾಯವಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಅವಳು ಗೋಡೆಯ ಮೊಳೆಗೆ ಮೊಲವನ್ನು ತೂಗುಹಾಕಿ, ಅಂಗಿ ಬಿಚ್ಚಿದ ಹಾಗೆ ಚರ್ಮ ಎಳೆದಳು. “ಲೊವೀನಾ, ಈ ಚರ್ಮ ಕೋಟಿನ ಕಾಲರಿಗೆ ಆಗುತ್ತೆ ಕಣೇ, ಎಷ್ಟು ಮೆತ್ತಗಿದೆ ನೋಡು” ಎಂದು ನನಗೆ ತೋರಿಸಿದಳು.

ಭಾನುವಾರ ನನ್ನ ಸಾರನ್ನು ಎಲ್ಲರೂ ಎರಡು ಸಲ ಹಾಕಿಸಿಕೊಂಡು ತಿಂದರು. ಅರ್ಧ ದಿನ ಕುದಿಸಿದ್ದೆ, ತಿಂದವರಿಗೆ ಏನೂ ಆಗಲಿಲ್ಲ. ಮಾಂಸ ಕತ್ತರಿಸಿದ ನನ್ನ ಕೈಯಲ್ಲಿ ಒಂದು ಗೀರೂ ಇರಲಿಲ್ಲ, ನನಗೂ ಏನೂ ಆಗಲಿಲ್ಲ. ಅತ್ತೆ ಪಾತ್ರೆಯ ತಳವನ್ನು ಜೋಳದ ರೊಟ್ಟಿಯಲ್ಲಿ ಒರೆಸಿಕೊಂಡು, “ಈ ಸಲ ಕೂಗಲಿಲ್ಲ” ಎಂದರು. ಅಷ್ಟನ್ನು ಕೇಳುವುದಕ್ಕೆ ನಾನು ಇಷ್ಟೆಲ್ಲ ಮಾಡಿದ್ದೆ.

ಬುಧವಾರ ಮೊಝೆಲ್‌ಗೆ ಜ್ವರ ಬಂತು. ಬೆರಳಿನ ಗಾಯ ಹುಣ್ಣಾಗಿ ನಡುವೆ ಕಪ್ಪಾಯಿತು, ಕಂಕುಳಲ್ಲಿ ಗಡ್ಡೆ ಎದ್ದಿತು. ಆರ್ಫಕ್ಕನಿಗೆ ಡಾಕ್ಟರು ಹೇಳಬೇಕಾದದ್ದು ಏನೂ ಇರಲಿಲ್ಲ, ಅಪ್ಪನ ಮೈಯಲ್ಲಿ ಎಲ್ಲವನ್ನೂ ನೋಡಿದ್ದಳು. ಆಗಿನ ಕಾಲಕ್ಕೆ ಅದಕ್ಕೆ ಮದ್ದೂ ಇರಲಿಲ್ಲ.

ದಿನವೂ ಹೋಗುತ್ತಿದ್ದೆ. ಬೆವರಿನ ಹಾಸಿಗೆ ಬಟ್ಟೆ ಒಗೆದೆ, ಗಂಜಿ ಕುಡಿಸಿದೆ, ನೀರು ಹೊತ್ತೆ. ಹೇಳಬೇಕು ಎಂದುಕೊಂಡೇ ಪ್ರತಿ ಸಲ ಆ ಮೆಟ್ಟಿಲು ಹತ್ತಿದೆ. ಆರ್ಫಕ್ಕ ಒಲೆಯ ಮುಂದೆ ಕೂತು ಬೆರಳು ಮಡಿಸಿ ಎಣಿಸುತ್ತಿದ್ದಳು. “ಆ ವಾರ ಒಂಬತ್ತು ಮೊಲ ಬಂದಿದ್ವು ಲೊವೀನಾ. ಒಂಬತ್ತನ್ನೂ ನೋಡಿದೀನಿ. ಒಂದರಲ್ಲೂ ಚುಕ್ಕೆ ಇರ್ಲಿಲ್ಲ. ಯಾವುದರಲ್ಲಿ ತಪ್ಪಿದೆ ನಾನು?”

ಆಗ ಹೇಳಬಹುದಿತ್ತು. ಮೊಝೆಲ್ ಹುಷಾರಾಗಲಿ, ಆಗ ಹೇಳಿದರೆ ಬೈದು ಕ್ಷಮಿಸುತ್ತಾಳೆ ಎಂದು ನನಗೆ ನಾನೇ ವಾಯಿದೆ ಕೊಟ್ಟುಕೊಂಡೆ. ಐದನೆಯ ವಾರ ಜ್ವರ ಶ್ವಾಸಕೋಶಕ್ಕೆ ಇಳಿಯಿತು. ಕ್ರಿಸ್‌ಮಸ್‌ಗೆ ಎಂಟು ದಿನ ಇರುವಾಗ ಮೊಝೆಲ್ ಹೋದಳು. ಕಾಲರ್ ಇಲ್ಲದ ಆ ಕೋಟನ್ನು ಆರ್ಫಕ್ಕ ಅವಳ ಜೊತೆಗೇ ಮಣ್ಣಿಗಿಟ್ಟಳು. ಅಲ್ಲಿ ಎಲ್ಲರಿಗೂ ಕೇಳುವ ಹಾಗೆ, “ನನ್ನ ಕಣ್ಣು ತಪ್ಪಿತು” ಎಂದಳು. ಯಾರೂ ಅಲ್ಲ ಎನ್ನಲಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ಮನೆಗೆ ಬಂದು ಆರ್ವಿಲ್‌ಗೆ ಎಲ್ಲ ಹೇಳಿದೆ. ಅವನು ಟಿಪ್‌ನ ಕಿವಿ ಸವರುತ್ತ ಕೂತ. “ಈಗ ಹೇಳಿದ್ರೆ ಮೊಝೆಲ್ ಎದ್ದು ಬರ್ತಾಳಾ? ಈ ಹಳ್ಳದಲ್ಲಿ ಬದುಕೋದು ಬೇಡ್ವಾ ನಮಗೆ?” ಎಂದ. ನನಗೆ ಬೇಕಾಗಿದ್ದದ್ದೂ ಆ ಮಾತೇ. ಗಂಡ ಬೇಡ ಅಂದ ಎಂಬ ನೆಪ ಹಿಡಿದು ಇಪ್ಪತ್ತೆರಡು ವರ್ಷ ತೆಗೆದೆ.

ಮೊಲ ತಂದವರನ್ನು ಆರ್ಫಕ್ಕ ವಾಪಸ್ ಕಳಿಸತೊಡಗಿದಳು. ಒಂದೆರಡು ವಾರದಲ್ಲಿ ತರುವುದೇ ನಿಂತಿತು. ಗಂಡಸರು ಹಳೆಯ ರೂಢಿಗೆ ಮರಳಿ ಹೊಲದಲ್ಲೇ ನಾಯಿಗೆ ಲಿವರ್ ಎಸೆದರು. ಮುಂದಿನ ಎರಡು ಚಳಿಗಾಲದಲ್ಲಿ ಹಳ್ಳದ ಮೂರು ಮನೆಗಳಿಗೆ ಜ್ವರ ಬಂತು, ಅದರಲ್ಲಿ ಲಾನ್ಝೊ ಸತ್ತ. ಅದೂ ನನ್ನ ಲೆಕ್ಕಕ್ಕೇ ಸೇರಬೇಕು. ನಾಯಿಗಳಿಗೆ ಮಾತ್ರ ಯಾರೂ ಸುದ್ದಿ ಹೇಳಿರಲಿಲ್ಲ. ಅವು ಮೊಝೆಲ್ ಹೋದ ಆ ಚಳಿಗಾಲವಿಡೀ ಅವಳ ಬೇಲಿಯ ಹತ್ತಿರ ಬಂದು ಕೂತು, ಕಾದು, ಎದ್ದು ಹೋಗುತ್ತಿದ್ದವು.

ಅದು ಕಳೆದ ವಸಂತದಲ್ಲಿ ಕನ್ನಡಕ ಮಾರುವವನು ಪೆಟ್ಟಿಗೆ ಹೊತ್ತು ಬಂದ. ನಾನು ಆಗ ಬಸುರಿ, ಅವಳ ಜಗುಲಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದೆ. ಅವನು ಗೋಡೆಗೆ ಅಕ್ಷರದ ಕಾಗದ ಅಂಟಿಸಿದ. ಆರ್ಫಕ್ಕ ಅಂಗಳದ ಆ ತುದಿಯಲ್ಲಿ ನಿಂತು ಕೊನೆಯ ಸಾಲನ್ನು ಓದಿ, ಅದರ ಕೆಳಗೆ ಇರುವೆಯಂತೆ ಇದ್ದ ಅಚ್ಚುಕೂಟದ ಹೆಸರನ್ನೂ ಓದಿದಳು. ಅವನು ಪೆಟ್ಟಿಗೆ ಮುಚ್ಚಿದ.

“ಅಮ್ಮಾ, ನಿಮಗ್ಯಾಕೆ ಕನ್ನಡಕ? ನಿಮ್ಮ ಕಣ್ಣು ನನಗೆ ಕೊಟ್ಬಿಡಿ, ಈ ಪೆಟ್ಟಿಗೆ ನೀವಿಟ್ಕೊಳಿ.”

“ನೀನು ತೋರಿಸ್ತಿರೋದು ಅಕ್ಷರ. ಅಕ್ಷರದಿಂದ ಯಾರೂ ಸಾಯಲ್ಲ. ಗಸಗಸೆಯಷ್ಟು ಚುಕ್ಕೆ ಕಾಣೋ ಅಂಥದ್ದು ಕೊಡು.”

ಒಂದೊಂದಾಗಿ ಹಾಕಿ ನೋಡಿ, ಇದ್ದವುಗಳಲ್ಲೆಲ್ಲ ದಪ್ಪನೆಯದನ್ನು ಆರಿಸಿಕೊಂಡಳು. ಅವನು ಬೇಡ ಬೇಡ ಎಂದ. ನಾನು ಬಟಾಣಿಯ ಮೇಲಿನಿಂದ ತಲೆ ಎತ್ತಲಿಲ್ಲ. ಜೀವನದಲ್ಲಿ ನಾನು ಹೇಳದೆ ಕಳೆದುಕೊಂಡ ಗಳಿಗೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ. ಸಮಾಧಿಯ ಹತ್ತಿರ ಹೆದರಿದ್ದೆ ಎನ್ನಬಹುದು. ಅವತ್ತು ಬಿಸಿಲು ಬಿದ್ದಿತ್ತು, ಆ ಕನ್ನಡಕದವನನ್ನು ಬಿಟ್ಟರೆ ನಾವಿಬ್ಬರೇ ಇದ್ದೆವು, ‘ಬೇಡ ಆರ್ಫಕ್ಕ’ ಎಂಬ ಎರಡು ಮಾತು ಸಾಕಿತ್ತು.

ಆ ಕನ್ನಡಕದಲ್ಲಿ ಅವಳಿಗೆ ಲೋಕವೆಲ್ಲ ಕಲಸಿಹೋಯಿತು. ಮೆಟ್ಟಿಲು ಎಡವಿದಳು, ಹಳ್ಳದ ಕಲ್ಲಿನಿಂದ ಜಾರಿದಳು. ತಲೆನೋವಿಗೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದಳು. ಹೆಸರು ಹಿಡಿದು ಕರೆಯುತ್ತಿದ್ದ ನಾಯಿಗಳ ಗುರುತೂ ಸಿಗದಾಯಿತು. ತೆಗೆದಿಡಿ ಎಂದರೆ, “ಮೊದಲೇ ಹಾಕ್ಕೋಬೇಕಿತ್ತು. ಜಂಬ ಮಾಡ್ದೆ” ಎನ್ನುತ್ತಿದ್ದಳು. ಜನ ಅವಳು ಎಡವುವುದನ್ನು ನೋಡಿ, ಅಯ್ಯೋ, ಕಣ್ಣು ಎಷ್ಟು ಹೋಗಿದೆ ನೋಡಿ ಎಂದರು.

ಆರ್ವಿಲ್ ಸತ್ತ ವರ್ಷ ನನ್ನ ನೆಪವೂ ಸತ್ತಿತು. ಅಕ್ಟೋಬರಿನ ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಅರವತ್ತರ ಆರ್ಫಕ್ಕ ಕಿಟಕಿಯ ಹತ್ತಿರ, ಹಿಂದೆ ಲಿವರ್ ನೋಡುತ್ತಿದ್ದ ಅದೇ ಜಾಗದಲ್ಲಿ, ಕೌದಿ ಹೊಲಿಯುತ್ತ ಕೂತಿದ್ದಳು.

“ಬಂದ್ಯಾ? ಈ ಸೂಜಿಗೆ ದಾರ ಪೋಣಿಸು. ಬೆಳಿಗ್ಗೆಯಿಂದ ಒದ್ದಾಡ್ತಿದೀನಿ.”

ಪೋಣಿಸಿದೆ. ಸೂಜಿ ಕೈಯಲ್ಲಿಟ್ಟುಕೊಂಡೇ ಎಲ್ಲ ಹೇಳಿದೆ. ನಾಯಿ ಹಿಡಿದ ಮೊಲ, ಕಾಗದದ ಪೊಟ್ಟಣ, ಒಂದು ಗಂಟೆ ಕಾದದ್ದು, ಓಡಿತಂತೆ ಎಂದದ್ದು. ಅಳಬಾರದು ಎಂದುಕೊಂಡಿದ್ದೆ, ಅತ್ತುಬಿಟ್ಟೆ. ಅವಳು ಅಳಲಿಲ್ಲ.

“ಸೀಳಿತ್ತು” ಎಂದಳು. “ಎರಡರಲ್ಲೂ. ಕೆಳಗಿನ ಎಸಳಲ್ಲಿ. ಅವಳಿ ಅಂತ ನಾನೇ ನಕ್ಕಿದ್ದೆ.”

“ಹೌದು ಆರ್ಫಕ್ಕ.”

“ಅಂದ್ರೆ ನನಗೆ ಕಾಣಿಸಿತ್ತು.”

“ಕಾಣಿಸಿತ್ತು. ನೀವು ಸರಿಯಾಗೇ ನೋಡಿದ್ರಿ.”

ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟಳು. ಮೂಗಿನ ಎರಡು ಕಡೆ ಗುಳಿ ಬಿದ್ದಿತ್ತು. ಕಿಟಕಿಯಿಂದ ಹೊರಗೆ ಬಹಳ ಹೊತ್ತು ನೋಡಿದಳು.

“ಬೇಲಿ ಹತ್ರ ಏನೋ ಕಪ್ಪಗಿದೆಯಲ್ಲ. ನಾಯಿನಾ?”

ಅಲ್ಲಿ ಇದ್ದದ್ದು ಕಡಿದು ಹಾಕಿದ ಮರದ ಬೊಡ್ಡೆ. ಹೇಳಿದೆ. ಅವಳು ತಲೆಯಾಡಿಸಿ ಮತ್ತೆ ಕನ್ನಡಕ ಹಾಕಿಕೊಂಡಳು.

“ಈಗ ಇದು ನಿಜವಾಗ್ಲೂ ಬೇಕು” ಎಂದಳು. “ಆಗಲೇ ಹೇಳಿದ್ರೆ ಮೊಝೆಲ್ ಉಳೀತಿರ್ಲಿಲ್ಲ, ಅದು ಗೊತ್ತು ನನಗೆ. ಕಣ್ಣಾದ್ರೂ ನಂದು ಅಂತ ಇರ್ತಿತ್ತಲ್ಲೇ ಲೊವೀನಾ.”

ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳುತ್ತೇನೆ ಎಂದೆ. “ನಾನಿರೋವರೆಗೂ ಬೇಡ. ಪಾಪ ಅನ್ನೋರು ಈಗಿರೋರೇ ಸಾಕು. ಸೂಜಿ ಕೊಡು” ಎಂದು ಕೈ ಚಾಚಿದಳು.

ಆಮೇಲೆ ಅವಳು ನಾಲ್ಕು ವರ್ಷ ಬದುಕಿದಳು. ಪ್ರತಿ ಶನಿವಾರ ಹೋಗಿ, ವಾರಕ್ಕೆ ಆಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ, ಸಾಲಾಗಿ ದಿಂಬಿಗೆ ಚುಚ್ಚಿಟ್ಟು ಬರುತ್ತಿದ್ದೆ. ಅವಳು ಬೇಡ ಎನ್ನಲಿಲ್ಲ. ಕೂತುಕೋ ಎಂದೂ ಅನ್ನಲಿಲ್ಲ.